ಓಡುವ ವಾಹನದಲ್ಲಿ ಮಾತಾಡುವ ರೇಡಿಯೊ

ನಮ್ಮ ಮನೆಯ ರೇಡಿಯೊ ಹೇಳುತ್ತದೆ, ನಾವು ಕೇಳುತ್ತೇವೆ. ನಮ್ಮ ಮಾತನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಪೊಲೀಸರ ಜೀಪಿನಲ್ಲಿ, ಅರಣ್ಯ ಇಲಾಖೆಯ ವಾಹನದಲ್ಲಿ ಇರುವುದು ಬೇರೆಯ ಬಗೆ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಜನ ಅದನ್ನು ವೈರ್‌ಲೆಸ್ ಎಂದೇ ಕರೆಯುತ್ತಾರೆ. ಅಂಥದೊಂದನ್ನು ಇಂದಿನ ಕಾರಿಗೆ ಕೂಡಿಸುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು ಪಾಠ ಹೇಳುತ್ತಿದ್ದುದು ಮನಶ್ಶಾಸ್ತ್ರವನ್ನು. ಮನಶ್ಶಾಸ್ತ್ರದವರಿಗೆ ಸಂದದ್ದು ವ್ಯಾಕರಣದವನಿಗೂ ಒಂದಿಷ್ಟು ಸಲ್ಲಲಿ. ಆಕಾಶವಾಣಿ ಎಂಬ ಹೆಸರು ಬಂದದ್ದು ಆ ನಿಲಯದಿಂದಲೇ. ಅದರ ಪ್ರೇಷಕ ಯಂತ್ರದ ಶಕ್ತಿ 30 ವ್ಯಾಟ್. ಇಂದು ಊಟದ ಡಬ್ಬಿಯಷ್ಟಿರುವ ವಾಹನದ ರೇಡಿಯೊ 25ರಿಂದ 50 ವ್ಯಾಟ್ ಕೊಡುತ್ತದೆ. ಆ ಕಾಲದ ಒಂದು ನಿಲಯವೇ ಸೀಟಿನ ಕೆಳಗೆ ಕುಳಿತಂತಾಯಿತು!

ಕೈಯಲ್ಲಿ ಮೊಬೈಲು ಇರುವಾಗ ಇದೇಕೆ? ಮೊಬೈಲಿಗೆ ಗೋಪುರ ಬೇಕು, ಗೋಪುರಕ್ಕೆ ವಿದ್ಯುತ್ತು ಬೇಕು. ಘಟ್ಟದ ತಿರುವಿನಲ್ಲಿ, ಮಳೆಗೆ ಕಂಬ ಉರುಳಿದ ಊರಿನಲ್ಲಿ, ಎರಡೂ ಇರದ ಹೊತ್ತು ಬರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಿ ರೇಡಿಯೊ ಕೆಲಸಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರು ಅಲ್ಲಿನ ಸುದ್ದಿಯನ್ನು ಹೊರನಾಡಿಗೆ ಮುಟ್ಟಿಸಿದ್ದು ಇಂಥ ರೇಡಿಯೊದಿಂದಲೇ.

ಮೊದಲು ಕಾನೂನಿನ ಮಾತು. ಒಂದು ಕಾಲದಲ್ಲಿ ಕೇಳುವ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. ಅದು ಹೋಯಿತು. ಮಾತಾಡುವ ರೇಡಿಯೊಗೆ ಅನುಮತಿ ಈಗಲೂ ಬೇಕು. ಹವ್ಯಾಸಿಗಳು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಂಗಡಿಯಲ್ಲಿ ಸಿಕ್ಕಿತೆಂದು ತಂದು ಹಚ್ಚುವಂತಿಲ್ಲ. ಅನುಮತಿಯ ವಿವರ ಕೊಡದೆ ವಾಕಿಟಾಕಿಗಳನ್ನು ಅಂತರಜಾಲದಲ್ಲಿ ಮಾರುತ್ತಿದ್ದವರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟೀಸು ಕೊಟ್ಟದ್ದು ಇದಕ್ಕಾಗಿಯೇ.

ಇನ್ನು ಏರಿಯಲ್ಲಿನ ವಿಚಾರ. ಹೊಸಬರು ರೇಡಿಯೊಗೆ ಹಣ ಸುರಿದು ಏರಿಯಲ್ಲಿನಲ್ಲಿ ಜಿಪುಣತನ ಮಾಡುತ್ತಾರೆ. ಆಗಬೇಕಾದುದು ಇದರ ತಿರುವುಮುರುವು. ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಹವ್ಯಾಸಿಗಳ 145 ಮೆಗಾಹರ್ಟ್ಸಿಗೆ ಅದು 2 ಮೀಟರಿಗೆ ತುಸು ಹೆಚ್ಚು. ಅದರ ಕಾಲು ಭಾಗ, ಸುಮಾರು 50 ಸೆಂಟಿಮೀಟರ್ ಕಡ್ಡಿ ಸಾಕು. 1965ರಲ್ಲಿ ಆರಂಭವಾದ ನಮ್ಮ ಭದ್ರಾವತಿ ನಿಲಯದ ಮಧ್ಯಮ ತರಂಗ, ಆ 675 ಕಿಲೋಹರ್ಟ್ಸ್, ಎಷ್ಟೆಂದು ನೋಡಿ: ಅಲೆ 444 ಮೀಟರ್, ಕಾಲು ಭಾಗವೇ 111 ಮೀಟರ್. ಅಷ್ಟುದ್ದದ ತಂತಿ ಇಲ್ಲದೆಯೂ ನಿಮ್ಮ ಮನೆಯ ರೇಡಿಯೊ ಕೇಳಿಸುತ್ತದೆ, ಏಕೆಂದರೆ ಕೇಳುವವನಿಗೆ ಸಣ್ಣ ಕಿವಿಯಾದರೂ ನಡೆದೀತು. ಮಾತಾಡುವವನಿಗೆ ಅಳತೆ ತಪ್ಪಬಾರದು.

ಆ ಕಡ್ಡಿಯೂ ಏರಿಯಲ್ಲಿನ ಅರ್ಧ ಮಾತ್ರ. ಉಳಿದರ್ಧ ಕೆಳಗಿನ ಲೋಹದ ತಗಡು. ಕಲ್ಯಾಣಿಯ ನೀರಿನಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಕಾಣುವುದಿಲ್ಲವೆ? ಹಾಗೆ ಕಾರಿನ ಚಾವಣಿ ಕಡ್ಡಿಗೆ ಒಂದು ಪ್ರತಿಬಿಂಬವನ್ನು ಕೊಡುತ್ತದೆ. ಆದ್ದರಿಂದ ಚಾವಣಿಯ ನಟ್ಟನಡುವೆ ಉತ್ತಮ ಸ್ಥಾನ. ಈಗ ಕೆಲವು ಕಾರುಗಳಿಗೆ ಗಾಜಿನ ಚಾವಣಿ ಬಂದಿದೆ. ನೋಡಲು ಚೆಂದ, ಏರಿಯಲ್ಲಿಗೆ ನಿರುಪಯೋಗ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪರೀಕ್ಷೆ ಮುಗಿಸಿ ಲೈಸೆನ್ಸು ಪಡೆದವನು. ಹೊಸ ಕಾರಿನ ಚಾವಣಿಗೆ ತೂತು ಬೇಡವೆಂದು ಹಿಂದಿನ ಬಂಪರಿಗೆ ಕಡ್ಡಿ ಸಿಕ್ಕಿಸಿದ್ದ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆ ದಾಟಿ ನಿಲ್ಲಿಸಿ, "ಮೇಷ್ಟ್ರೇ, ನೀವೇ ಕೇಳಿ" ಎಂದು ಭದ್ರಾವತಿಯ ಗೆಳೆಯನನ್ನು ಕರೆದ. ಅತ್ತಲಿಂದ ಬಂದದ್ದು ಅರ್ಧಂಬರ್ಧ ಅಕ್ಷರ. ಇತ್ತ ಇವನು ಗುಂಡಿ ಒತ್ತಿದಾಗಲೆಲ್ಲ ಹಿಂದೆ ಯಾರೋ ಅಡ್ಡ ಬಂದಂತೆ ಕಾರು ತಾನೇ ಕೀ ಕೀ ಎನ್ನುತ್ತಿತ್ತು! ಬಂಪರಿನೊಳಗಿದ್ದ ಸೆನ್ಸರುಗಳಿಗೆ ರೇಡಿಯೊ ಅಲೆ ತಾಗುತ್ತಿತ್ತು. ಮುಂದಿನ ವಾರ ಅದೇ ಕಡ್ಡಿ ಅಯಸ್ಕಾಂತದ ಪೀಠದ ಮೇಲೆ ಚಾವಣಿಗೇರಿತು. ಅದೇ ಜಾಗ, ಅದೇ ಯಂತ್ರ, ಅದೇ ಗೆಳೆಯ. ಈ ಸಲ ಮಾತು ಸ್ಪಷ್ಟ, ಕಾರು ಮೌನ.

ವಿದ್ಯುತ್ತಿನ ಸಂಪರ್ಕದಲ್ಲಿ ಅಪಾಯ ಹೆಚ್ಚು. 50 ವ್ಯಾಟಿನ ರೇಡಿಯೊ ಮಾತಾಡುವಾಗ ಸುಮಾರು 10 ಆಂಪೇರ್ ಎಳೆಯುತ್ತದೆ. ಸಿಗರೇಟು ಹಚ್ಚುವ ಸಾಕೆಟ್ಟಿನಿಂದ ಅದನ್ನು ಪಡೆಯಬಾರದು. ದಪ್ಪ ತಂತಿಯಲ್ಲಿ ಬ್ಯಾಟರಿಯಿಂದಲೇ ತರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಬೇಕು. ಇಲ್ಲದಿದ್ದರೆ ತಂತಿ ಎಲ್ಲಾದರೂ ಉಜ್ಜಿ ಸವೆದ ದಿನ ಬೆಂಕಿ ಹೊತ್ತೀತು. ಋಣ ತಂತಿಯದು ಬೇರೆ ಕಥೆ. ಈಚಿನ ಅನೇಕ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಯ ಮೇಲೆ ವಿದ್ಯುತ್ತಿನ ಲೆಕ್ಕವಿಡುವ ಸಣ್ಣ ಸಾಧನವಿದೆ. ನೇರವಾಗಿ ಆ ತುದಿಗೇ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಬ್ಯಾಟರಿಯ ತಂತಿ ಕಾರಿನ ಮೈಗೆ ಸೇರುವ ಬೋಲ್ಟಿಗೆ ಕಟ್ಟಬೇಕು. ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲು ಕಂಡರೆ ಕೈ ಹಿಂದಕ್ಕೆ: ಅದು ನೂರಾರು ವೋಲ್ಟಿನದು.

ಇನ್ನೊಂದನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಮುಂಗಾಜಿನ ಪಕ್ಕದ ಕಂಬದಲ್ಲಿ, ಬಾಗಿಲಿನ ಮೇಲಂಚಿನಲ್ಲಿ ಈಗ ಏರ್‌ಬ್ಯಾಗುಗಳು ಮಡಿಚಿ ಕುಳಿತಿರುತ್ತವೆ. ಅಡಗಿಸಲು ಅನುಕೂಲವೆಂದು ಮೆಕ್ಯಾನಿಕ್ಕು ಏರಿಯಲ್ಲಿನ ತಂತಿಯನ್ನು ತುರುಕುವುದೂ ಅಲ್ಲಿಯೇ. ಚೀಲ ಬಿಚ್ಚಿಕೊಳ್ಳಬೇಕಾದ ಕ್ಷಣದಲ್ಲಿ ತಂತಿ ಅಡ್ಡ ನಿಂತರೆ ಗತಿಯೇನು? ಚೀಲ ಉಬ್ಬುವ ದಾರಿಯಲ್ಲಿ ರೇಡಿಯೊ ಕೂರಿಸಿದರೆ ಅದೇ ಕಲ್ಲಿನಂತೆ ಮುಖಕ್ಕೆ ಬಂದೀತು. ತಯಾರಕರ ಕೈಪಿಡಿಯನ್ನು ಓದದೆ ಈ ಭಾಗಗಳನ್ನು ಯಾರೂ ಬಿಚ್ಚಬಾರದು, ಬಿಚ್ಚಗೊಡಲೂ ಬಾರದು.

ಎಲ್ಲ ಕೂಡಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರಿನಿಂದ ಅಳೆಯುವುದುಂಟು. ಅಳತೆ 1.5 ಇದ್ದರೆ ಶಕ್ತಿಯಲ್ಲಿ ನೂರಕ್ಕೆ 4 ಪಾಲು ಮಾತ್ರ ಹಿಂದಿರುಗುತ್ತದೆ. 3 ಆದರೆ 25 ಪಾಲು ಹಿಂದಿರುಗಿ ಯಂತ್ರವನ್ನು ಕಾಯಿಸುತ್ತದೆ. ಮೊದಲು ಕಡಿಮೆ ಶಕ್ತಿಯಲ್ಲಿ, ನಿಂತ ಕಾರಿನಲ್ಲಿ ಗುಂಡಿ ಒತ್ತಿ, ಮುಂದಿನ ಫಲಕದ ದೀಪಗಳನ್ನು ಇನ್ನೊಬ್ಬರು ನೋಡುತ್ತಿರಬೇಕು. ಮಕ್ಕಳು ಏರಿಯಲ್ಲಿನ ಹತ್ತಿರ ನಿಂತಿರುವಾಗ ಒತ್ತಬೇಡಿ.

ನಮ್ಮ ಕಡೆಯವರಿಗೆ ಮಳೆಯೇ ಶತ್ರು. ಏರಿಯಲ್ಲಿನ ಬುಡದ ಜೋಡಣೆಯಲ್ಲಿ ಒಂದು ಬಿರುಕಿದ್ದರೂ ನೀರು ಕೇಬಲಿನೊಳಗೆ ಸೇರುತ್ತದೆ. ಆ ಮೇಲೆ ಒಣಗಿಸಿ ಪ್ರಯೋಜನವಿಲ್ಲ, ಕೇಬಲನ್ನೇ ಬದಲಿಸಬೇಕು. ಮುಂಗಾರಿಗೆ ಮೊದಲು ಬುಡಕ್ಕೆ ರಬ್ಬರು ಪಟ್ಟಿ ಸುತ್ತಿಸಿ, ಮಳೆ ನಿಂತ ಮೇಲೆ ಮತ್ತೊಮ್ಮೆ ಮೀಟರು ಹಿಡಿದು ನೋಡಿ.