ರಕ್ತವಾಂತಿಯಾದರೆ ಬೆಳಗಾಗಲೆಂದು ಕಾಯಬೇಡಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ವೈದ್ಯರ ಭಾಷಣ, ಕೂಡಲಸಂಗಮ)



ಕೃಷ್ಣಾ, ಮಲಪ್ರಭಾ ಕೂಡುವ ಈ ಊರಿನವರಿಗೆ ಹಿನ್ನೀರು ಅಂದರೇನೆಂದು ಹೇಳಬೇಕಿಲ್ಲ. ನಾರಾಯಣಪುರದಲ್ಲಿ ನೀರು ನಿಲ್ಲಿಸಿದರೆ ಇಲ್ಲಿ ಏರುತ್ತದೆ. ಹೊಟ್ಟೆಯೊಳಗೂ ಹಾಗೆಯೇ. ಕರುಳಿನ ರಕ್ತ ಪೋರ್ಟಲ್ ಸಿರೆಯಿಂದ ಲಿವರ್‌ಗೆ ಹೋಗಬೇಕು. ಲಿವರ್ ಗಟ್ಟಿಯಾದರೆ ಅದು ಹಿಂದೆ ಒತ್ತಿ ಅನ್ನನಾಳ, ಜಠರದ ಸಣ್ಣ ಸಿರೆಗಳಿಗೆ ನುಗ್ಗುತ್ತದೆ. ಅವು ಉಬ್ಬಿ, ಒಂದು ದಿನ ಒಡೆಯಬಹುದು.

ಕುಡಿತವೊಂದೇ ಕಾರಣವಲ್ಲ. ಹೆಪಟೈಟಿಸ್ ಬಿ, ಸಿ, ಕೊಬ್ಬು ತುಂಬಿದ ಲಿವರ್ ಕೂಡ ಕಾರಣ. "ನಮ್ಮವರು ಕುಡಿಯೋದೇ ಇಲ್ರೀ, ಮಂದಿ ಏನಂದಾರು?" ಎಂದು ರೋಗ ಮುಚ್ಚಿಟ್ಟ ಮನೆಗಳನ್ನು ಕಂಡಿದ್ದೇನೆ. ಡಾಂಬರಿನಂಥ ಕಪ್ಪು ಮಲವನ್ನು ಮೂಲವ್ಯಾಧಿ ಎಂದುಕೊಂಡು ವಾರ ಕಳೆದವರೂ ಇದ್ದಾರೆ.

ರಕ್ತವಾಂತಿಯಾದರೆ ಮಗ್ಗುಲಿಗೆ ಮಲಗಿಸಿ, ಏನೂ ತಿನ್ನಿಸದೆ 108ಕ್ಕೆ ಕರೆ ಮಾಡಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೇ ಹೋಗಿ. ಅಲ್ಲಿ ಸಿರೆಯ ಒತ್ತಡ ಇಳಿಸುವ ಔಷಧ, ಆಂಟಿಬಯಾಟಿಕ್, ಬೇಕಾದಷ್ಟೇ ರಕ್ತ ಕೊಡುತ್ತಾರೆ. ಇನ್ನೊಂದು ಬಾಟಲಿ ಏರಿಸಿರೆಂದು ಜಗಳ ಬೇಡ. ಹೆಚ್ಚಾದರೆ ಒತ್ತಡ ಏರಿ ಮತ್ತೆ ಒಡೆಯಬಹುದು. ಸಾಮಾನ್ಯವಾಗಿ ಹಿಮೋಗ್ಲೋಬಿನ್ 7–8 ಸಾಕು. 12 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಅನ್ನನಾಳದ ಸಿರೆಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಜಠರದ್ದಾದರೆ ಅಂಟು ಚುಚ್ಚುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಲಿವರ್‌ನೊಳಗೆ ಸ್ಟೆಂಟ್ ಇಟ್ಟು, ಕಾಲುವೆ ತೋಡಿದಂತೆ, ರಕ್ತಕ್ಕೆ ಬೇರೆ ದಾರಿ ಮಾಡುತ್ತಾರೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಕೆಲವು ವಾರಕ್ಕೊಮ್ಮೆ ಮತ್ತೆ ಬ್ಯಾಂಡ್ ಹಾಕಿಸಲು ಹೋಗಬೇಕು. ಆ ಬಸ್ ಖರ್ಚು, ಮಗ್ಗ ನಿಂತ ದಿನದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ದಾನಿಗಳು ಇದನ್ನು ಗಮನಿಸಬೇಕು.

ನರ್ಸಿಂಗ್‌ಗೆ ಹೊರಟ ಹೆಣ್ಣುಮಕ್ಕಳೇ, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಂಡೇ ವಾರ್ಡಿಗೆ ಕಾಲಿಡಿ.