ವಿದ್ಯುತ್ ಕಾರು: ಚಾರ್ಜಿಂಗ್ ವ್ಯವಸ್ಥೆಯ ಪೂರ್ವಯೋಜನೆ



ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಒಡೆಯರು ಇಂಧನದ ಮುಳ್ಳು ಕೆಳಗಿಳಿದಾಗ ಬಂಕಿನತ್ತ ಹೊರಳುತ್ತಾರೆ. ಐದು ನಿಮಿಷಗಳಲ್ಲಿ ಟ್ಯಾಂಕು ತುಂಬಿಸಿಕೊಂಡು ಮುಂದೆ ಸಾಗುತ್ತಾರೆ. ವಿದ್ಯುತ್ ಕಾರಿನ ರೀತಿಯೇ ಬೇರೆ. ಅದು ನಿಂತಿರುವ ಹೊತ್ತಿನಲ್ಲಿ ತುಂಬಿಕೊಳ್ಳುವ ವಾಹನ. ಖಾಸಗಿ ಕಾರು ದಿನದ ಬಹುಪಾಲು ಸಮಯ ನಿಂತೇ ಇರುತ್ತದೆ. ಅದು ಎಲ್ಲಿ, ಎಷ್ಟು ಹೊತ್ತು, ಯಾವ ವಿದ್ಯುತ್ ಸಂಪರ್ಕದ ಸಮೀಪ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡವರಿಗೆ ಚಿಂತೆಯ ಅರ್ಧಭಾಗ ಕಳೆದಂತೆಯೇ ಸರಿ. ಆ ಉತ್ತರವನ್ನು ಕಾರು ಮನೆಗೆ ಬಂದ ಮೇಲೆ ಹುಡುಕಹೊರಟವರು ಮೊದಲ ವಾರದಲ್ಲೇ ಪೇಚಿಗೆ ಸಿಲುಕುವುದುಂಟು.

ಕನ್ನಡಿಗರಿಗೆ ಈ ವಾಹನ ತೀರ ಅಪರಿಚಿತವೇನಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ಕಾರು ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಚಾರ್ಜ್ ಆಗುತ್ತಿತ್ತು. ಅಂದಿನ ಸೀಸ-ಆಮ್ಲ ಬ್ಯಾಟರಿಯ ಸ್ಥಾನದಲ್ಲಿ ಇಂದು ಲಿಥಿಯಂ ಅಯಾನ್ ಬ್ಯಾಟರಿ ಬಂದಿದೆ. ಒಂದು ಚಾರ್ಜಿನಲ್ಲಿ ಕ್ರಮಿಸುವ ದೂರ ಹಲವು ಪಟ್ಟು ಹೆಚ್ಚಿದೆ. ಆದರೆ ಮನೆಯ ಸಾಕೆಟ್ಟೇ ಮೊದಲ ಆಸರೆ ಎಂಬ ಮಾತು ಇಂದಿಗೂ ನಿಜ.

ದಿನನಿತ್ಯದ ಲೆಕ್ಕ

ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್ ಗಂಟೆಗಳಲ್ಲಿ ಹೇಳಲಾಗುತ್ತದೆ. ಒಂದು ಕಿಲೋವ್ಯಾಟ್ ಗಂಟೆ ಎಂದರೆ ವಿದ್ಯುತ್ ಬಿಲ್ಲಿನ ಒಂದು ಯೂನಿಟ್. ಸಾಧಾರಣ ಗಾತ್ರದ ಕಾರು ಒಂದು ಯೂನಿಟ್ಟಿಗೆ ಸುಮಾರು ಆರೂವರೆ ಕಿಲೋಮೀಟರ್ ಓಡುತ್ತದೆಂದು ಭಾವಿಸಬಹುದು. ದಿನಕ್ಕೆ 40 ಕಿಲೋಮೀಟರ್ ಓಡಾಡುವವರಿಗೆ ಸುಮಾರು 6 ಯೂನಿಟ್ ಸಾಕು. ಚಾರ್ಜ್ ಆಗುವಾಗಿನ ಸೋರಿಕೆಯನ್ನೂ ಸೇರಿಸಿದರೆ ಮೀಟರಿನಲ್ಲಿ 7 ಯೂನಿಟ್ ದಾಖಲಾದೀತು. 16 ಆಂಪಿಯರ್ ಸಾಕೆಟ್ಟು ಗಂಟೆಗೆ ಸುಮಾರು 3 ಯೂನಿಟ್ ಒದಗಿಸುತ್ತದೆ. ಅಂದರೆ ಎರಡೂವರೆ ಗಂಟೆಯಲ್ಲಿ ಆ ದಿನದ ವೆಚ್ಚ ಭರ್ತಿಯಾಗುತ್ತದೆ. ಬ್ಯಾಟರಿ ಬಹುಮಟ್ಟಿಗೆ ಬರಿದಾಗಿದ್ದರೂ ಒಂದು ರಾತ್ರಿಯಲ್ಲಿ ಸಾಕಷ್ಟು ತುಂಬುತ್ತದೆ.

ಆದ್ದರಿಂದ ಗೋಡೆಗೆ ಅಳವಡಿಸುವ 7 ಕಿಲೋವ್ಯಾಟ್ ಚಾರ್ಜರು ಎಲ್ಲರಿಗೂ ಅನಿವಾರ್ಯವಲ್ಲ. ದೊಡ್ಡ ಬ್ಯಾಟರಿಯ ಕಾರುಳ್ಳವರಿಗೆ, ದಿನವೂ ನೂರಾರು ಕಿಲೋಮೀಟರ್ ಸಂಚರಿಸುವವರಿಗೆ ಅದು ಉಪಯುಕ್ತ. ಅದಕ್ಕೆ 32 ಆಂಪಿಯರ್ ಸಂಪರ್ಕ ಬೇಕು. ಹಳೆಯ ತಂತಿಗಳಿಗೆ ಆ ಹೊರೆಯನ್ನು ತಾಳುವ ಶಕ್ತಿಯಿರುವುದಿಲ್ಲ.

ಮಂಜೂರಾದ ಹೊರೆಯನ್ನೂ ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ನೀರು ಕಾಯಿಸುವ ಗೀಸರಿಗೆ 2 ಕಿಲೋವ್ಯಾಟ್, ಹವಾನಿಯಂತ್ರಕಕ್ಕೆ ಒಂದೂವರೆ, ಕಾರಿಗೆ 3 ಎಂದರೆ ಏಕಕಾಲಕ್ಕೆ ಆರೂವರೆ ಕಿಲೋವ್ಯಾಟ್ ಆಯಿತು. ಮಂಜೂರಾತಿ 4 ಕಿಲೋವ್ಯಾಟ್ ಮಾತ್ರವಿದ್ದರೆ, ಎಲ್ಲರೂ ಮಲಗಿದ ಮೇಲೆ ಚಾರ್ಜ್ ಮಾಡುವುದು ಅಥವಾ ಹೊರೆ ಹೆಚ್ಚಿಸಲು ಅರ್ಜಿ ಸಲ್ಲಿಸುವುದು ವಿಹಿತ. 2023ರ ಜೂನಿನಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ದಿನದ ವೇಳೆಗೆ ಅನುಗುಣವಾದ ದರಕ್ಕೆ ಅವಕಾಶ ಮಾಡಿವೆ. ಸ್ಮಾರ್ಟ್ ಮೀಟರ್ ಇರುವ ಮನೆಯವರು ತಮ್ಮ ರಾಜ್ಯದ ದರಪಟ್ಟಿಯನ್ನು ಗಮನಿಸಿ, ಬೇಡಿಕೆ ಹೆಚ್ಚಿರುವ ಸಂಜೆಯ ಹೊತ್ತನ್ನು ತಪ್ಪಿಸುವುದು ಲಾಭದಾಯಕ.

ಸುರಕ್ಷತೆ

ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಉರಿದು ಆರುತ್ತದೆ. ಕಾರು ಆರೇಳು ಗಂಟೆಗಳ ಕಾಲ ಎಡೆಬಿಡದೆ ವಿದ್ಯುತ್ತನ್ನು ಸೆಳೆಯುತ್ತದೆ. ಸಡಿಲವಾದ ಒಂದು ತಿರುಪು, ಸವೆದ ಒಂದು ಸಾಕೆಟ್ಟು ಅಷ್ಟು ಹೊತ್ತಿನಲ್ಲಿ ಕಾದು ಕರಗಬಹುದು, ಬೆಂಕಿಗೂ ಕಾರಣವಾಗಬಹುದು. ಕಾರಿಗೆಂದೇ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ ಮತ್ತು ಸೋರಿಕೆಯನ್ನು ಗುರುತಿಸಿ ಸಂಪರ್ಕ ಕಡಿಯುವ ಸಾಧನ ಇರತಕ್ಕದ್ದು. ಭೂಸಂಪರ್ಕ, ಅಂದರೆ ವಾಡಿಕೆಯ ಮಾತಿನ ಅರ್ಥಿಂಗ್, ಸರಿಯಿಲ್ಲದಿದ್ದರೆ ಅನೇಕ ಕಾರುಗಳು ಚಾರ್ಜನ್ನೇ ಸ್ವೀಕರಿಸುವುದಿಲ್ಲ. ಅದನ್ನು ಕಾರಿನ ದೋಷವೆಂದು ಭಾವಿಸಿ ಅರ್ಥಿಂಗ್ ತಪ್ಪಿಸುವ ಉಪಾಯ ಹೂಡುವುದು ಪ್ರಾಣಾಪಾಯಕ್ಕೆ ಆಹ್ವಾನ. ಕಿಟಕಿಯಿಂದ ಎಳೆದ ಎಕ್ಸ್‌ಟೆನ್ಷನ್ ತಂತಿಯೂ ಸಲ್ಲದು. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಮುಂಬಯಿ, ಚೆನ್ನೈಯಂತಹ ನಗರಗಳಲ್ಲಿ ಮಳೆಗಾಲದ ಯೋಚನೆಯೂ ಅಗತ್ಯ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈಯ ಅನೇಕ ಬಡಾವಣೆಗಳು ಜಲಾವೃತವಾದುದನ್ನು ಅಲ್ಲಿನ ನಿವಾಸಿಗಳು ಮರೆತಿಲ್ಲ. ನೆಲಮಾಳಿಗೆಯಲ್ಲಿ ಸಾಕೆಟ್ಟನ್ನು ನೀರು ಮುಟ್ಟದಷ್ಟು ಎತ್ತರದಲ್ಲಿ ಕೂರಿಸಬೇಕು. ನೀರಿನಲ್ಲಿ ಮುಳುಗಿದ್ದ ಕಾರನ್ನು ತಜ್ಞರು ಪರೀಕ್ಷಿಸುವವರೆಗೆ ಚಾರ್ಜಿಗೆ ಹಾಕಲೇಬಾರದು.

ವಸತಿ ಸಂಕೀರ್ಣಗಳ ನಿವಾಸಿಗಳು

ಹೊರನಾಡಿನ ಕನ್ನಡಿಗರಲ್ಲಿ ಅನೇಕರು ವಾಸಿಸುವುದು ಸಹಕಾರಿ ವಸತಿ ಸಂಕೀರ್ಣಗಳಲ್ಲಿ. ಮನೆ ಏಳನೆಯ ಮಹಡಿಯಲ್ಲಿ, ಕಾರು ನೆಲಮಾಳಿಗೆಯಲ್ಲಿ. ಹಣ ಕೊಟ್ಟು ಕಾರು ತಂದವರಿಗೆ ಅದನ್ನು ಚಾರ್ಜ್ ಮಾಡಲು ಜಾಗವಿಲ್ಲದ ಸಂಕಟ ಎದುರಾಗುವುದು ಇಲ್ಲಿಯೇ. ಸಂಘದ ಇತರ ಸದಸ್ಯರ ಆತಂಕಗಳೂ ನಿರಾಧಾರವಲ್ಲ: ಸಾಮಾನ್ಯ ವಿದ್ಯುತ್ ಬಿಲ್ಲು ಏರೀತೆ? ಬೆಂಕಿಯ ಭಯವಿಲ್ಲವೆ? ನಾಳೆ ಹತ್ತು ಮಂದಿ ಕೇಳಿದರೆ ಟ್ರಾನ್ಸ್‌ಫಾರ್ಮರ್ ತಾಳೀತೆ?

ಈ ವಿಷಯದಲ್ಲಿ ಕಾನೂನು ಗ್ರಾಹಕರಿಗೆ ಅನುಕೂಲವಾಗಿದೆ. ತಮ್ಮ ವಾಹನವನ್ನು ಮನೆಯಲ್ಲಿ ಅಥವಾ ಕಚೇರಿಯಲ್ಲಿ ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಗಳು ಸ್ಪಷ್ಟಪಡಿಸಿದವು. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ನಿಯಮಗಳಂತೆ ವಿದ್ಯುತ್ ವಾಹನದ ಚಾರ್ಜಿಂಗ್‌ಗಾಗಿ ಪ್ರತ್ಯೇಕ ಸಂಪರ್ಕವನ್ನೇ ಪಡೆಯಬಹುದು. ಹೊಸ ಸಂಪರ್ಕ ನೀಡುವ ಗರಿಷ್ಠ ಅವಧಿಯನ್ನು ಅದೇ ತಿದ್ದುಪಡಿಯು ಮಹಾನಗರಗಳಲ್ಲಿ 7 ದಿನಗಳಿಂದ 3 ದಿನಗಳಿಗೆ, ಇತರ ಪುರಸಭಾ ಪ್ರದೇಶಗಳಲ್ಲಿ 15ರಿಂದ 7 ದಿನಗಳಿಗೆ ಇಳಿಸಿತು. ವಿತರಣಾ ಸಂಸ್ಥೆಯಿಂದ ನ್ಯಾಯ ದೊರೆಯದಿದ್ದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯ ಮೊರೆಹೋಗಲು ಅವಕಾಶವಿದೆ.

ಆದರೂ ತಂತಿ ಹಾದುಹೋಗುವುದು ಎಲ್ಲರಿಗೂ ಸೇರಿದ ಗೋಡೆಗಳ ಮೇಲೆ. ನೆರೆಹೊರೆಯವರ ಸಮ್ಮತಿಯಿಂದ ಆಗುವ ಕೆಲಸ ವಾದದಿಂದ ಆಗದು. ಕಾರು ಕಾಯ್ದಿರಿಸುವ ಮೊದಲೇ ಸಂಘಕ್ಕೆ ಲಿಖಿತ ಮನವಿ ಸಲ್ಲಿಸುವುದು ಜಾಣತನ. ತಂತಿಯ ಮಾರ್ಗದ ನಕ್ಷೆ, ಗುತ್ತಿಗೆದಾರರ ಸುರಕ್ಷತಾ ಪತ್ರ, ಪ್ರತ್ಯೇಕ ಮೀಟರಿನ ವಿವರ ಮತ್ತು ಪೂರ್ಣ ವೆಚ್ಚವನ್ನು ತಾವೇ ಭರಿಸುವ ಒಪ್ಪಿಗೆ ಅದರ ಜೊತೆಗಿದ್ದರೆ ಮೇಲಿನ ಆತಂಕಗಳಲ್ಲಿ ಹೆಚ್ಚಿನವು ತಾವಾಗಿಯೇ ಕರಗುತ್ತವೆ. ಹಲವು ಸದಸ್ಯರು ಒಟ್ಟಾಗಿ ಒಂದೇ ಬಾರಿಗೆ ವ್ಯವಸ್ಥೆ ಮಾಡಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಹೊರೆಯ ಲೆಕ್ಕವೂ ಮುಂದಾಲೋಚನೆಯಿಂದ ಆಗುತ್ತದೆ.

ಊರಿನ ಪ್ರಯಾಣ

ನಗರದೊಳಗಿನ ಓಡಾಟ ಸುಗಮವಾದ ಮೇಲೆ ಏಳುವ ಪ್ರಶ್ನೆ ಊರಿನದು. ಪುಣೆಯಲ್ಲಿ ನೆಲೆಸಿದ ಕುಟುಂಬವೊಂದು ದೀಪಾವಳಿಗೆ ವೃದ್ಧ ತಾಯಿಯನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟಿದೆ ಎಂದು ಊಹಿಸಿಕೊಳ್ಳಬಹುದು. ದೂರ ಸುಮಾರು 425 ಕಿಲೋಮೀಟರ್. ಕಾರಿನ ಬ್ಯಾಟರಿ 45 ಯೂನಿಟ್. ಕಾಗದದ ಮೇಲೆ ಕಾರು ಎಷ್ಟೇ ದೂರ ಓಡಲಿ, ಹೆದ್ದಾರಿಯ ವೇಗ, ಹವಾನಿಯಂತ್ರಣ ಮತ್ತು ಖಂಬಾಟಕಿ ಘಾಟಿನಂತಹ ಏರುಗಳು ಅದನ್ನು ಕುಗ್ಗಿಸುತ್ತವೆ. ಇಳಿಜಾರಿನಲ್ಲಿ ಸ್ವಲ್ಪ ಶಕ್ತಿ ಮರಳಿ ಬ್ಯಾಟರಿ ಸೇರುವುದಾದರೂ ಅದನ್ನು ನೆಚ್ಚಿ ಹೊರಡಬಾರದು.

ಪೂರ್ತಿ ತುಂಬಿಸಿಕೊಂಡು ಹೊರಟ ಕಾರು 160 ಕಿಲೋಮೀಟರ್ ದೂರದ ಕರಾಡ ತಲಪಿದಾಗ ಶೇಕಡಾ 45ರಷ್ಟು ಉಳಿದಿರುತ್ತದೆ. ಅಲ್ಲಿ ಶೇಕಡಾ 80ಕ್ಕೆ ಏರಿಸಲು 30 ಕಿಲೋವ್ಯಾಟ್ ವೇಗದ ಚಾರ್ಜರಿನಲ್ಲಿ ಸುಮಾರು 40 ನಿಮಿಷ ಬೇಕು. ಉಪಾಹಾರಕ್ಕೆ ಅಷ್ಟು ಹೊತ್ತು ಹೇಗೂ ಬೇಕಾದುದೇ. ಮುಂದೆ ನಿಪ್ಪಾಣಿಯ ಬಳಿ ಇನ್ನೊಮ್ಮೆ ಶೇಕಡಾ 40ರಿಂದ 80ಕ್ಕೆ ಏರಿಸಿಕೊಂಡರೆ, ಬೆಳಗಾವಿ ದಾಟಿ ಧಾರವಾಡ ಮುಟ್ಟಿದಾಗ ಕಾಲುಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ. ಎರಡೂ ಕಡೆ ಶೇಕಡಾ 80ಕ್ಕೇ ನಿಲ್ಲಿಸುವುದಕ್ಕೆ ಕಾರಣವುಂಟು. ಆ ಮಟ್ಟ ದಾಟಿದ ಮೇಲೆ ಬ್ಯಾಟರಿಯ ರಕ್ಷಣೆಗಾಗಿ ಚಾರ್ಜಿಂಗ್ ವೇಗ ಬಹಳ ತಗ್ಗುತ್ತದೆ. ಕಾಯುವವರ ಸಾಲೂ ಬೆಳೆಯುತ್ತದೆ.

ಹಬ್ಬದ ದಿನಗಳಲ್ಲಿ ಗೊತ್ತುಪಡಿಸಿದ ಕೇಂದ್ರ ಕೆಟ್ಟಿರಬಹುದು ಅಥವಾ ಬಿಡುವಿಲ್ಲದಿರಬಹುದು. ಆಗ ಕಾರಿನಲ್ಲಿ ಮುಂದಿನ ಊರಿಗೆ ಸಾಗುವಷ್ಟು ಶಕ್ತಿ ಇರಲೇಬೇಕು. ಕರಾಡದಲ್ಲಿ ಆಗದಿದ್ದರೆ ಕೊಲ್ಲಾಪುರ ಎಂಬ ಎರಡನೆಯ ಯೋಜನೆ ಮನೆಯಲ್ಲಿಯೇ ಸಿದ್ಧವಾಗಿರಬೇಕು. ಶೇಕಡಾ 20ರ ಕೆಳಗಿಳಿಯುವ ಸಾಹಸ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಬ್ಯಾಟರಿಗೂ ಅನ್ವಯಿಸುತ್ತದೆ. ಇಂಧನ ದಕ್ಷತಾ ಬ್ಯೂರೋದ 'ಇವಿ ಯಾತ್ರಾ' ಆ್ಯಪ್ 2022ರ ಡಿಸೆಂಬರ್ 14ರಂದು ಲೋಕಾರ್ಪಣೆಗೊಂಡಿತು. ಸಾರ್ವಜನಿಕ ಕೇಂದ್ರಗಳನ್ನು ಹುಡುಕಲು ಅದು ನೆರವಾಗುತ್ತದೆ. ಕೇಂದ್ರಗಳ ಹಣಪಾವತಿ ಆ್ಯಪ್‌ಗಳನ್ನೂ ಹೊರಡುವ ಮುನ್ನವೇ ಮೊಬೈಲಿನಲ್ಲಿ ಅಳವಡಿಸಿಕೊಳ್ಳಬೇಕು. ಊರಿನ ಹಳೆಯ ಮನೆಯಲ್ಲಿ 16 ಆಂಪಿಯರ್ ಸಾಕೆಟ್ಟು ಮತ್ತು ಅರ್ಥಿಂಗ್ ಸರಿಯಿವೆಯೇ ಎಂದು ಬಂಧುಗಳ ಮೂಲಕ ಮೊದಲೇ ಪರೀಕ್ಷಿಸಿಕೊಂಡರೆ ಮರಳುವ ಪ್ರಯಾಣದ ಚಿಂತೆಯೂ ಇಲ್ಲ.

ಸಾರ್ವಜನಿಕ ಕೇಂದ್ರಗಳ ವಿಸ್ತರಣೆಗಾಗಿ 2024ರ ಅಕ್ಟೋಬರ್ 1ರಂದು ಆರಂಭವಾದ 'ಪಿಎಂ ಇ-ಡ್ರೈವ್' ಯೋಜನೆಯಲ್ಲಿ 2,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಯಿತು. ಕೇಂದ್ರಗಳು ಹೆಚ್ಚಿದಂತೆ ದೂರದ ಪ್ರಯಾಣ ಸುಲಭವಾಗುತ್ತದೆ. ಆದರೆ ಕಾರಿನ ದಿನನಿತ್ಯದ ಬಾಳು ನಡೆಯುವುದು ಮನೆಯ ಸಾಕೆಟ್ಟಿನ ಬಲದಿಂದಲೇ. ಆದುದರಿಂದ ಕಾರಿನ ಬಣ್ಣವನ್ನು ಆರಿಸುವ ಮುನ್ನ, ಅದು ರಾತ್ರಿ ನಿಲ್ಲುವ ಜಾಗಕ್ಕೆ ಒಮ್ಮೆ ಇಳಿದು ಗೋಡೆಯನ್ನೂ ಮೀಟರನ್ನೂ ನೋಡಿ ಬರುವುದು ಪ್ರತಿಯೊಬ್ಬ ಗ್ರಾಹಕರ ಮೊದಲ ಕೆಲಸವಾಗಲಿ.