ಪವಿತ್ರ ಗುರುವಾರ: ನಮ್ಮ ಪಾದಗಳನ್ನೂ ಚಾಚೋಣ



ಈ ಸಂಜೆ ಹನ್ನೆರಡು ಮಂದಿಯ ಪಾದಗಳನ್ನು ತೊಳೆದೆವು. ಪ್ರತಿ ವರ್ಷವೂ ಅವರು ಮನೆಯಲ್ಲೇ ಸೋಪು ಹಚ್ಚಿ ಕಾಲು ತೊಳೆದುಕೊಂಡು ಬಂದಿರುತ್ತಾರೆ. ಫಾದರ್ ಮುಂದೆ ಕೊಳೆ ಕಾಲು ಚಾಚುವುದು ಹೇಗೆಂಬ ಸಂಕೋಚ. ಆದರೆ ಪ್ರಭು ಯೇಸು ತೊಳೆದದ್ದು ಧೂಳು ತುಂಬಿದ ಪಾದಗಳನ್ನು. ಅದು ಆಳಿನ ಕೆಲಸವಾಗಿತ್ತು.

ಇತರ ಮೂವರು ಶುಭಸಂದೇಶಕಾರರು ಕಡೆಯ ಭೋಜನದಲ್ಲಿ ಪರಮಪ್ರಸಾದದ ಸ್ಥಾಪನೆಯನ್ನು ವಿವರಿಸುತ್ತಾರೆ. ಸಂತ ಯೊವಾನ್ನರು ತಮ್ಮ 13ನೇ ಅಧ್ಯಾಯದಲ್ಲಿ ಪಾದ ತೊಳೆದುದನ್ನು ವಿವರಿಸುತ್ತಾರೆ. ಎರಡೂ ಒಂದೇ ಪ್ರೀತಿಯ ಕಾರ್ಯಗಳು. ಒಂದನ್ನು ಸ್ವೀಕರಿಸಿ ಇನ್ನೊಂದನ್ನು ಬಿಡಲು ನಮಗೆ ಸಾಧ್ಯವಿಲ್ಲ.

ಪೇತ್ರ ಮೊದಲು ಒಪ್ಪಲಿಲ್ಲ. ಪ್ರಭುವಿಗಾಗಿ ಪ್ರಾಣವನ್ನೇ ಕೊಡುತ್ತೇನೆಂದು ಅದೇ ರಾತ್ರಿ ಹೇಳಿದವನಿಗೆ ಕಾಲು ಚಾಚುವುದು ಕಷ್ಟವಾಯಿತು. ನಾವೂ ಹಾಗೆಯೇ. ಇನ್ನೊಬ್ಬರಿಗೆ ನೆರವಾಗುತ್ತೇವೆ, ನಮ್ಮ ಮನೆಯ ಸಾಲ, ಕಾಯಿಲೆ, ಕಣ್ಣೀರನ್ನು ಮಾತ್ರ ಮುಚ್ಚಿಡುತ್ತೇವೆ.

ನಾವು ಬಲ್ಲ ಇಬ್ಬರು ಅಣ್ಣ ತಮ್ಮಂದಿರಿದ್ದರು. ಜಮೀನಿನ ಬೇಲಿಯ ವಿಷಯದಲ್ಲಿ ವರ್ಷಗಟ್ಟಲೆ ಮಾತಿರಲಿಲ್ಲ. ಇಬ್ಬರೂ ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸುತ್ತಿದ್ದರು. ಅಣ್ಣ ಹಾಸಿಗೆ ಹಿಡಿದಾಗ ತಮ್ಮನ ಹೆಂಡತಿ ಗಂಜಿ ಕಳುಹಿಸಿದಳು. ಪಾತ್ರೆ ಮುಚ್ಚಳವನ್ನೂ ತೆಗೆಯದೆ ಹಿಂದಿರುಗಿತು. ಮರುದಿನವೂ ಅಷ್ಟೇ. ಮೂರನೆಯ ದಿನ ಮತ್ತೆ ಗಂಜಿ ಬಂತು. ಅಂದು ಅಣ್ಣ ಉಂಡರು. ಬೇಲಿಯ ತಕರಾರು ಇನ್ನೂ ಮುಗಿದಿಲ್ಲ. ಆದರೆ ಸಂಜೆ ತಮ್ಮ ಬಂದು ಅಣ್ಣನ ಮಂಚದ ಪಕ್ಕ ಕೂರುತ್ತಾರೆ. ಸೋತವರು ಯಾರು? ಯಾರೂ ಅಲ್ಲ. ಕೊಟ್ಟವಳಿಗೆ ತಾಳ್ಮೆ ಬೇಕಿತ್ತು, ಪಡೆದವರಿಗೆ ದೀನತೆ ಬೇಕಿತ್ತು.

ಯೂದನು ದ್ರೋಹ ಬಗೆಯುವನೆಂದು ತಿಳಿದೂ ಯೇಸು ಅವನ ಪಾದಗಳನ್ನು ಬಿಡಲಿಲ್ಲ. 2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್‌ರವರು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಯುವಜನರ ಪಾದ ತೊಳೆದರು. ಅವರಲ್ಲಿ ಯುವತಿಯರೂ ಇದ್ದರು, ಮುಸ್ಲಿಮರೂ ಇದ್ದರು. 2016ರಲ್ಲಿ ಧರ್ಮಸಭೆಯು ನಿಯಮವನ್ನೇ ಬದಲಿಸಿ, ಈ ವಿಧಿಗೆ ಸ್ತ್ರೀಯರನ್ನೂ ಆರಿಸಬಹುದೆಂದು ತಿಳಿಸಿತು. ಹಾಗಿರುವಾಗ ನಮ್ಮ ಪಟ್ಟಿಯಿಂದ ನಾವು ಯಾರ ಹೆಸರನ್ನು ಅಳಿಸಿದ್ದೇವೆ?

ಪ್ರಿಯರೇ, ಪಾಸ್ಖ ಜಾಗರಣೆಗೆ ಇನ್ನೆರಡು ದಿನಗಳಿವೆ. ಅಷ್ಟರೊಳಗೆ ಮಾತು ಬಿಟ್ಟ ಒಂದು ಮನೆಯ ಬಾಗಿಲನ್ನು ತಟ್ಟೋಣ. ನಮ್ಮ ಬಾಗಿಲನ್ನು ಯಾರಾದರೂ ತಟ್ಟಿದರೆ ತೆರೆಯೋಣ. ತೊಳೆಯುವ ಕೈಗಳನ್ನೂ, ತೊಳೆಸಿಕೊಳ್ಳುವ ದೀನ ಮನಸ್ಸನ್ನೂ ಪ್ರಭು ನಮಗೆ ದಯಪಾಲಿಸಲಿ. ಆಮೆನ್.